ಹಳ್ಳದ ಋಣ

ತೆಗೆದುಕೊಂಡದ್ದನ್ನು ತೆಗೆದುಕೊಂಡಷ್ಟೇ ಹಿಂದಕ್ಕೆ ಕೊಟ್ಟರೆ ಋಣ ತೀರಿತೇ? ಮಲೆನಾಡಿನ ಕೆಲವು ಒಂಟಿಮನೆಗಳಲ್ಲಿ ಹಳ್ಳದ ನೀರಿನಿಂದ ಉರಿಯುವ ದೀಪವನ್ನು ಕಂಡಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆಯಿದು.

ಉಪಾಯವೇನೋ ಸರಳ. ಗುಡ್ಡದ ಮೇಲೆ ಹಳ್ಳಕ್ಕೊಂದು ಚಿಕ್ಕ ಒಡ್ಡು. ಅಲ್ಲಿಂದ ಕೆಳಕ್ಕೊಂದು ಕೊಳವೆ. ಕೊಳವೆಯ ಮೂತಿಯಿಂದ ಚಿಮ್ಮಿದ ನೀರು ಬಟ್ಟಲುಗಳ ಚಕ್ರಕ್ಕೆ ಬಡಿದು ಅದನ್ನು ತಿರುಗಿಸುತ್ತದೆ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಇಳಿದರೆ, ನಷ್ಟವೆಲ್ಲ ಕಳೆದು ಸುಮಾರು 1 ಕಿಲೋವ್ಯಾಟ್ ವಿದ್ಯುತ್ತು ಕೈಸೇರುತ್ತದೆ. ದುಡಿದ ನೀರು ಒಂದು ಹನಿಯೂ ಸವೆಯದೆ ಮತ್ತೆ ಹಳ್ಳಕ್ಕೆ ಸೇರುತ್ತದೆ.

ಇದರ ಪಕ್ಕದಲ್ಲಿ ಶರಾವತಿಯನ್ನಿಟ್ಟು ನೋಡಿ. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿಯಿತು. ಊರು, ತೋಟ, ಕಾಡು ನೀರಿನಡಿಗೆ ಹೋದವು. ಬೆಳಕು ನಮ್ಮ ಪಟ್ಟಣಗಳಿಗೆ ಬಂದಿತು; ಮನೆ ಕಳೆದುಕೊಂಡವರ ಮುಖ ಅದರೊಡನೆ ಬರಲಿಲ್ಲ. ಹಾಗಾದರೆ ದೊಡ್ಡದು ಪಾಪ, ಚಿಕ್ಕದು ಪುಣ್ಯ ಎಂದುಬಿಡೋಣವೇ?

ನಾನು ಒಪ್ಪಲಾರೆ. ಸರಕಾರದ ಲೆಕ್ಕದಲ್ಲಿ 25 ಮೆಗಾವ್ಯಾಟ್‌ವರೆಗಿನದೆಲ್ಲ ಕಿರು ಜಲವಿದ್ಯುತ್ತೇ. ಆ ಮನೆಯ ಚಕ್ರದ ಇಪ್ಪತ್ತೈದು ಸಾವಿರ ಪಾಲು ದೊಡ್ಡದಕ್ಕೂ ಅದೇ ಹೆಸರು! 2006ರ ಪರಿಸರ ಅಧಿಸೂಚನೆ 25 ಮೆಗಾವ್ಯಾಟ್‌ಗಿಂತ ಕೆಳಗಿನವನ್ನು ಪೂರ್ವಾನುಮತಿಯ ಕಟ್ಟಿನಿಂದಲೂ ಬಿಟ್ಟಿತು. ಅಂಥದೊಂದು ಯೋಜನೆ ತೊರೆಯನ್ನು ಬಹುದೂರ ಕೊಳವೆಯೊಳಗೇ ನಡೆಸಿದರೆ ನಡುವಣ ಪಾತ್ರ ಸೊರಗುತ್ತದೆ. ನೀರು ಕೆಳಗೆ ಮತ್ತೆ ಬಂದು ಸೇರುತ್ತದೆಂಬ ಮಾತು ಆ ನಡುವಿನಲ್ಲಿರುವ ಮೀನಿಗೆ ಸಮಾಧಾನವೇ?

ಮನೆಯ ಚಕ್ರವೂ ಈ ಪ್ರಶ್ನೆಗೆ ಹೊರತಲ್ಲ. ಆದರೆ ಅಲ್ಲಿ ಉತ್ತರ ಹೇಳಬೇಕಾದವನು ಹಳ್ಳದ ದಡದಲ್ಲೇ ಇದ್ದಾನೆ. ಮಳೆಗಾಲದಲ್ಲಿ ಕೊಳವೆಯ ಬಾಯಿಗೆ ಎಲೆ ಕಟ್ಟಿದರೆ ಅವನೇ ನೆನೆದುಕೊಂಡು ಹೋಗಿ ಬಿಡಿಸಬೇಕು. ಬೇಸಗೆಯಲ್ಲಿ ಹಳ್ಳ ಬಡವಾದಾಗ ದೀಪಕ್ಕೆಷ್ಟು, ಕೆಳಗಿನ ಅಡಿಕೆ ತೋಟಕ್ಕೆಷ್ಟು ಎಂದು ಅವನೇ ನಿರ್ಣಯಿಸಬೇಕು. ದೀಪವೊಂದನ್ನು ಆರಿಸುವ ಕೈ ಅವನದೇ.

ಪಂಖದ ಕೆಳಗೆ ಕುಳಿತು ಈ ಕಷ್ಟದ ಬಾಳನ್ನು ಹೊಗಳುವುದು ಸುಲಭ. ಅಲ್ಲಿಗೂ ತಂತಿ ಬರಲಿ, ಮಕ್ಕಳು ವರ್ಷವೆಲ್ಲ ನಿಶ್ಚಿಂತೆಯಿಂದ ಓದಲಿ ಎನ್ನುವವರನ್ನು ತಪ್ಪೆನ್ನುವ ಅಧಿಕಾರ ನನಗಿಲ್ಲ. ನಾನು ಕೇಳುವುದು ನಮ್ಮ ವಿಷಯ. ನಮ್ಮ ಹಿತ್ತಿಲಲ್ಲಿ ಹಳ್ಳವಿಲ್ಲ. ಅದು ಬಡವಾದದ್ದು ನಮಗೆ ಕಾಣುವುದಿಲ್ಲ. ಕಾಣದ ಹಳ್ಳದ ಮುಂದೆಯೂ ಒಂದು ದೀಪ ಆರಿಸಬಲ್ಲೆವೇ?