ಬಂದು ಹೇಳಿದವನು

ಬಾಣಾವರದಿಂದ ಜಾವಗಲ್ಲಿನ ಕಡೆಗೆ ಹೊರಟರೆ, ಹಳೇಬೀಡು ಇನ್ನೂ ದೂರವಿರುವಾಗಲೇ ಕಲ್ಲುಗಳು ಎದುರಾಗತೊಡಗುತ್ತವೆ. ಕೆರೆ ಏರಿಯ ಮೇಲೊಂದು, ಊರಬಾಗಿಲಲ್ಲಿ ಅರ್ಧ ಹೂತುಹೋದದ್ದೊಂದು, ಬೇವಿನ ಬುಡಕ್ಕೆ ಒರಗಿಸಿಟ್ಟದ್ದೊಂದು. ಒಂದಕ್ಕೆ ಯಾರೋ ಕುಂಕುಮ ಹಚ್ಚಿರುತ್ತಾರೆ, ಇನ್ನೊಂದಕ್ಕೆ ಯಾರೋ ಎಮ್ಮೆ ಕಟ್ಟಿರುತ್ತಾರೆ. ವೀರಗಲ್ಲು ಎಂದು ಎಲ್ಲರಿಗೂ ಗೊತ್ತು. ಅದರೊಳಗಿನ ವೀರ ಯಾರೆಂಬುದು ಅವನ ಊರಿಗೇ ಮರೆತುಹೋಗಿದೆ.

ಕೆರೆ ಏರಿಯ ಕಲ್ಲಿನ ಮುಂದೆ ನಾನು ಎಷ್ಟೋ ಸಲ ಕುಕ್ಕರುಗಾಲಲ್ಲಿ ಕೂತಿದ್ದೇನೆ. ಮೂರು ಪಟ್ಟಿಕೆಗಳು. ಕೆಳಗೆ ಕಾಳಗ: ಕತ್ತಿ ಎತ್ತಿದವನು, ಎದುರಿಗೆ ಬಿಲ್ಲು ಎಳೆದವರು, ಕಾಲಡಿಯಲ್ಲಿ ಬಿದ್ದವರು. ನಡುವೆ ಅವನನ್ನು ಎರಡೂ ತೋಳು ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು. ತುದಿಯಲ್ಲಿ ಕೈಲಾಸ: ಲಿಂಗ, ನಂದಿ, ಪೂಜೆ ಮಾಡುವವನು, ಪಕ್ಕದಲ್ಲಿ ಕೈಮುಗಿದು ಕೂತ ಅದೇ ವೀರ. ಸತ್ತವನು ನೆಲದಲ್ಲೇ ಬಿದ್ದಿರಲು ನಮ್ಮ ಕಲ್ಲುಕುಟಿಗರು ಒಪ್ಪಲಿಲ್ಲ. ಮೂರು ಮೊಳದ ಕಲ್ಲಿನಲ್ಲಿ ಶಿವನವರೆಗೂ ದಾರಿ ಮಾಡಿಕೊಟ್ಟರು.

ಚಿಕ್ಕಂದಿನಲ್ಲಿ ನನಗೆ ಬೆರಗಾಗುತ್ತಿದ್ದುದು ಆ ಮೇಲಿನ ಪಟ್ಟಿಕೆ. ಈಗ ಕೆಳಗಿನದು. ವೀರನ ತೊಡೆಗೆ ನೆಟ್ಟ ಬಾಣ, ಎದುರಾಳಿಗಳ ಸಂಖ್ಯೆ, ಹಿಂದೆ ಗುಂಪುಗೂಡಿ ನಿಂತ ಹಸುಗಳು – ಇದೆಲ್ಲ ಉಳಿ ಹಿಡಿದವನಿಗೆ ಹೇಗೆ ತಿಳಿಯಿತು? ಅವನು ಅಲ್ಲಿರಲಿಲ್ಲ. ಸತ್ತವನು ಹೇಳುವಂತಿಲ್ಲ. ಹಾಗಾದರೆ ಆ ಸಂಜೆ ಯಾರೋ ಒಬ್ಬ, ಮೈಯೆಲ್ಲ ಧೂಳಾಗಿ, ಊರಿಗೆ ಹಿಂದಿರುಗಿ, ಜಗಲಿಯ ಮೇಲೆ ಕೂತು, ನೀರು ಕುಡಿದು, ಹೀಗಾಯಿತು ಎಂದು ಹೇಳಿರಬೇಕು. ಅವನಿಲ್ಲದೆ ಈ ಕಲ್ಲು ಇಲ್ಲ. ಆದರೆ ಕಲ್ಲಿನ ಯಾವ ಮೂಲೆಯಲ್ಲೂ ಅವನ ಚಿತ್ರವಿಲ್ಲ.

ಹಳೆಯ ಕಾಳಗಗಳಲ್ಲಿ ಅವನ ಕೆಲಸ ಸುಲಭವಿತ್ತು. ತುರುಗೋಳು, ಅಂದರೆ ದನ ಕೊಳ್ಳೆಯ ಕಾಳಗ, ನಡೆಯುತ್ತಿದ್ದುದು ಊರ ಬಯಲಿನಲ್ಲೇ. ಇದು ಮೊದಲಿಂದಲೂ ದನದ ಸೀಮೆ. ಹೈದರ್ ಮತ್ತು ಟಿಪ್ಪುವಿನ ಫಿರಂಗಿ ಎಳೆದ ಅಮೃತಮಹಲ್ ರಾಸುಗಳ ಕಾವಲುಗಳು ಅರಸೀಕೆರೆ, ಕಡೂರಿನ ಸುತ್ತ ಈಗಲೂ ಇವೆ. ದನ ಹೊಡೆದುಕೊಂಡು ಹೋದವರ ಬೆನ್ನು ಹತ್ತಿದವನು ಸತ್ತರೆ ಕೂಗು ಊರಿಗೇ ಕೇಳಿಸುತ್ತಿತ್ತು. ಬಾಣಾವರದ ಹೆಸರಿನೊಳಗೇ ಒಂದು ಬಾಣವಿದೆ. ಬಾಣದ ಯುದ್ಧವೆಂದರೆ ಕಣ್ಣಳತೆಯ ಯುದ್ಧ. ಹೊಡೆದವನಿಗೂ ಬಿದ್ದವನಿಗೂ ನಡುವಿನ ದೂರವನ್ನು ಒಬ್ಬ ಹುಡುಗ ಒಂದೇ ಉಸಿರಿಗೆ ಓಡಿ ಬಂದು ಹೇಳಬಹುದಿತ್ತು.

ಇಪ್ಪತ್ತನೆಯ ಶತಮಾನ ಆ ದೂರವನ್ನು ಏನು ಮಾಡಿತು ಎಂದು ಯೋಚಿಸಿದರೆ ತಲೆ ತಿರುಗುತ್ತದೆ.

ಮೊದಲನೆಯ ಮಹಾಯುದ್ಧ, 1918ರ ಸೆಪ್ಟೆಂಬರ್ 23. ಪ್ಯಾಲೆಸ್ತೀನಿನ ಹೈಫಾ ಎಂಬ ಕಡಲೂರು. ಒಂದು ಪಕ್ಕ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕ ಕಿಶೋನ್ ಹೊಳೆ. ಹೊಳೆಯ ದಡವೆಲ್ಲ ಕುದುರೆ ಕಾಲಿಟ್ಟರೆ ಹೂತುಹೋಗುವ ಕೆಸರು. ಬೆಟ್ಟದ ಮೇಲೆ ತುರ್ಕರ, ಜರ್ಮನರ, ಆಸ್ಟ್ರಿಯನ್ನರ ಫಿರಂಗಿಗಳು ಮತ್ತು ಮಷಿನ್‌ಗನ್ನುಗಳು. ಇದಿರಿಗೆ ಬ್ರಿಟಿಷರ ಕಡೆಯ ಹದಿನೈದನೇ ಇಂಪೀರಿಯಲ್ ಸರ್ವಿಸ್ ಅಶ್ವದಳ: ಜೋಧಪುರ, ಹೈದರಾಬಾದ್ ಮತ್ತು ನಮ್ಮ ಮೈಸೂರು ಲ್ಯಾನ್ಸರ್ಸ್. ಲ್ಯಾನ್ಸರ್ಸ್ ಅಂದರೆ ಭರ್ಜಿಯ ಸವಾರರು. ನಮ್ಮ ಹಳೆಯ ಮಾತಿನಲ್ಲಿ ರಾಹುತರು. ಮೈಸೂರಿನ ಒಂದು ತುಕಡಿ ಕಡಿದಾದ ಕಾಲುದಾರಿಯಲ್ಲಿ ಕುದುರೆಗಳನ್ನು ಬೆಟ್ಟ ಹತ್ತಿಸಿ ಮೇಲಿನ ಫಿರಂಗಿಗಳ ಮೇಲೆ ಬಿತ್ತು. ಕೆಳಗೆ ಜೋಧಪುರದವರು ಮಷಿನ್‌ಗನ್ನಿನ ಎದುರಿಗೇ ನಾಗಾಲೋಟದಲ್ಲಿ ಹೋದರು. ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಮಡಿದರು. ಸಂಜೆಯೊಳಗೆ ಊರು ಇವರ ಕೈಯಲ್ಲಿತ್ತು. ಸೆರೆಸಿಕ್ಕವರು 1,350 ಮಂದಿ, ಹಿಡಿದ ಫಿರಂಗಿ 17. ದಳದಲ್ಲಿ ಸತ್ತವರು ಎಂಟು ಜನ, ಗಾಯಗೊಂಡವರು 34.

ಸತ್ತ ಕುದುರೆಗಳು 60. ಗಾಯಗೊಂಡವು 83.

ಈ ಕೊನೆಯ ಎರಡು ಅಂಕಿಗಳ ಹತ್ತಿರ ನಾನು ಪ್ರತಿ ಸಲ ನಿಲ್ಲುತ್ತೇನೆ. ಸವಾರರು ಅಷ್ಟು ಕಡಿಮೆ ಸತ್ತದ್ದು ಹೇಗೆಂಬುದಕ್ಕೆ ಒಂದು ಉತ್ತರ ಆ ಅಂಕಿಯಲ್ಲೇ ಇದೆಯೇನೋ. ಗುಂಡನ್ನು ಕುದುರೆಗಳು ತಿಂದವು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಕಲ್ಲಿತ್ತು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಆಳು ಮಣಲೇರನಿಗೆ ಕಾಳಿ ಎಂಬ ನಾಯಿಯಿತ್ತು. ಅದು ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೇರ ತನ್ನ ನಾಯಿಗೆ ಕಲ್ಲು ನಿಲ್ಲಿಸಿದ, ನಾಯಿ ಹಂದಿ ಎರಡನ್ನೂ ಕೆತ್ತಿಸಿದ, ಆ ಕಲ್ಲಿಗೆ ನಿತ್ಯಪೂಜೆ ನಡೆಯಲೆಂದು ಭೂಮಿ ಬಿಡಿಸಿದ. ನಾಯಿಯ ಹೆಸರು ಸಾವಿರ ವರ್ಷ ದಾಟಿ ನನ್ನವರೆಗೆ ಬಂದಿದೆ. ಕಾರ್ಮೆಲ್ಲಿನ ಅರವತ್ತು ಕುದುರೆಗಳಿಗೂ ಒಂದೊಂದು ಹೆಸರಿದ್ದೇ ಇತ್ತು. ದಿನಾ ಬೆಳಿಗ್ಗೆ ಮೈ ಉಜ್ಜುವವನು ಹೆಸರಿಡದೆ ಇರುತ್ತಾನೆಯೇ?

ಹೈಫಾದೊಂದಿಗೆ ಅವರ ಯುದ್ಧ ಮುಗಿಯಲಿಲ್ಲ. ಅಕ್ಟೋಬರ್ 26ರಂದು ಅಲೆಪ್ಪೊ ಪಟ್ಟಣದ ಆಚೆ ಹರಿತಾನ್ ಎಂಬಲ್ಲಿ ಮೈಸೂರು ಮತ್ತು ಜೋಧಪುರದ ಸವಾರರು ಮತ್ತೊಮ್ಮೆ ಭರ್ಜಿ ಚಾಚಿ ನುಗ್ಗಿದರು. ನಾಲ್ಕೇ ದಿನಕ್ಕೆ ತುರ್ಕಿಯೊಡನೆ ಕದನವಿರಾಮಕ್ಕೆ ಸಹಿ ಬಿತ್ತು. ಕೊನೆಯ ಆ ನಾಲ್ಕು ದಿನ ಬದುಕಿ ದಾಟಲು ಆಗದವರನ್ನು ನೆನೆದರೆ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುತ್ತದೆ.

ಅವರಿಗೆ ನಾವು ಕಲ್ಲು ನಿಲ್ಲಿಸಲಿಲ್ಲವೆಂದಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಸವಾರರಲ್ಲಿ ಒಬ್ಬ ಮೈಸೂರಿನವನು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಎಂಬುದು ಸೇರಿತು. ಆದರೆ ಹೊಸ ಶತಮಾನದ ಸ್ಮಾರಕಗಳಲ್ಲಿ ಕೆಳಗಿನ ಪಟ್ಟಿಕೆಯೂ ಇಲ್ಲ, ಮೇಲಿನದೂ ಇಲ್ಲ. ಹೇಗೆ ಸತ್ತ, ಎಲ್ಲಿಗೆ ಹೋದ, ಎರಡನ್ನೂ ಬಿಟ್ಟು ಹೆಸರನ್ನಷ್ಟೇ ಸಾಲಾಗಿ ಬರೆಯುತ್ತಾರೆ. ಆ ಸಾಲನ್ನೂ ಕಾಲ ಬಿಟ್ಟಿಲ್ಲ. ಈಜಿಪ್ಟ್ ಮತ್ತು ಪ್ಯಾಲೆಸ್ತೀನಿನಲ್ಲಿ ಸತ್ತ ಸುಮಾರು ನಾಲ್ಕು ಸಾವಿರ ಭಾರತೀಯ ಸೈನಿಕರಿಗಾಗಿ ಸೂಯೆಜ್ ಕಾಲುವೆಯ ದಕ್ಷಿಣದ ತುದಿಯಲ್ಲಿ, ಪೋರ್ಟ್ ತೌಫೀಕಿನಲ್ಲಿ, 1926ರಲ್ಲಿ ಒಂದು ದೊಡ್ಡ ಸ್ಮಾರಕ ಕಟ್ಟಿದ್ದರು. 1967ರ ನಂತರ ಈಜಿಪ್ಟಿಗೂ ಇಸ್ರೇಲಿಗೂ ನಡೆದ ಕಾಳಗದಲ್ಲಿ ಅದು ಜಖಂಗೊಂಡು, ಕೊನೆಗೆ ಕೆಡವಿಬಿಡಬೇಕಾಯಿತು. 1980ರಲ್ಲಿ ಕೈರೋದ ಹೆಲಿಯೊಪೊಲಿಸ್ಸಿನಲ್ಲಿ ಅವರ ನೆನಪಿಗೆ ಹೊಸ ಫಲಕಗಳನ್ನು ಇಟ್ಟರು. ಒಂದು ಯುದ್ಧದಲ್ಲಿ ಸತ್ತವರು ಇನ್ನೊಂದು ಯುದ್ಧದಲ್ಲಿ ಮತ್ತೊಮ್ಮೆ ಗುಂಡು ತಿಂದರು.

ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯಲ್ಲಿ ಚಕ್ರವ್ಯೂಹವಿದೆ. ಸುತ್ತಿ ಸುತ್ತಿ ಒಳಗೆ ಹೋಗುವ ಗೆರೆ. ಅಭಿಮನ್ಯುವಿಗೆ ಒಳಹೋಗುವುದು ತಿಳಿದಿತ್ತು, ಹೊರಬರುವುದು ತಿಳಿದಿರಲಿಲ್ಲ ಎಂದು ನಮ್ಮಲ್ಲಿ ಎಳೆಮಕ್ಕಳಿಗೂ ಗೊತ್ತು. ನನಗೆ ಆ ಕತೆಯಲ್ಲಿ ಮರೆಯಲಾಗದ್ದು ಸಂಜೆ. ಅರ್ಜುನ ಬಿಡಾರಕ್ಕೆ ಹಿಂದಿರುಗುತ್ತಾನೆ. ವಾದ್ಯವಿಲ್ಲ, ಶಂಖವಿಲ್ಲ, ಎದುರಿಗೆ ಬಂದವರು ತಲೆ ತಗ್ಗಿಸುತ್ತಾರೆ. ಯಾರೂ ಬಾಯಿಬಿಟ್ಟು ಹೇಳುವ ಮೊದಲೇ ಅವನಿಗೆ ತಿಳಿದುಹೋಗುತ್ತದೆ. ಇದೇ ಅಂಗಳದಲ್ಲಿ, ಗುಡಿಯ ದಕ್ಷಿಣಕ್ಕೆ, ಗರುಡಗಂಬವಿದೆ. ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಕಂಬ ಅದು. ದೊರೆ ಸತ್ತಾಗ ಅವನೂ, ಹೆಂಡತಿಯೂ, ದೊರೆಗೆ ಪ್ರಾಣ ಮುಡಿಪಿಟ್ಟ ಜೊತೆಯ ಗರುಡರೂ ಪ್ರಾಣ ಕೊಟ್ಟರು. ಕಂಬದ ಮೇಲೆ ತಮ್ಮ ತಲೆಗೆ ತಾವೇ ಕತ್ತಿ ಹಿಡಿದ ಪುಟ್ಟ ಪುಟ್ಟ ವೀರರು. ನಾನು ಅವರನ್ನು ಗೌರವದಿಂದಲೇ ನೋಡುತ್ತೇನೆ. ಆದರೂ ಪ್ರೀತಿ ಹುಟ್ಟುವುದು ಬದುಕಿ ಉಳಿದು ಮನೆಯವರೆಗೆ ಸುದ್ದಿ ಹೊತ್ತು ತಂದವನ ಮೇಲೆ. ಆ ನಡಿಗೆ ಸಾಯುವುದಕ್ಕಿಂತ ಕಡಿಮೆ ಧೈರ್ಯದ್ದೆಂದು ನನಗೆ ಅನಿಸುವುದಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಮೈಸೂರು ಇನ್‌ಫೆಂಟ್ರಿಯ ಮೊದಲನೇ ಬೆಟಾಲಿಯನ್ ಸಿಂಗಪುರಕ್ಕೆ ಹೋಯಿತು. 1942ರ ಫೆಬ್ರವರಿ 15ರಂದು ಆ ದ್ವೀಪ ಜಪಾನೀಯರಿಗೆ ಶರಣಾಯಿತು, ನಮ್ಮವರೂ ಸೆರೆಯಾದರು. ಸೋತ ಕಾಳಗಕ್ಕೆ ಹೇಳುವವರು ಕಡಿಮೆ. ಸಿಂಗಪುರದ ಕ್ರಾಂಜಿಯಲ್ಲಿ ಗೋರಿಯೂ ಸಿಗದ 24,000ಕ್ಕೂ ಹೆಚ್ಚು ಜನರ ಹೆಸರನ್ನು ಕಂಬಗಳ ಮೇಲೆ ಬರೆದಿದ್ದಾರೆ, ಅದರಲ್ಲಿ ಎಷ್ಟೋ ಭಾರತೀಯ ಹೆಸರುಗಳು. ಆ ಕಾಲದಲ್ಲಿ ಊರ ಕಡೆ ತಂತಿ ಬಂದರೆ ಒಡೆಯುವ ಮೊದಲೇ ಹೆಂಗಸರು ಅಳುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ಮೂರೂವರೆ ವರ್ಷದ ಸೆರೆಯಿಂದ ಎಲುಬಾಗಿ ಬಂದವನು ಏನು ಹೇಳಬೇಕು, ಯಾವ ಪಟ್ಟಿಕೆಯಲ್ಲಿ ಕೂರಿಸಬೇಕು? ಮುಂದೆ ಆ ಪಡೆ ಮದ್ರಾಸ್ ರೆಜಿಮೆಂಟಿಗೆ ಸೇರಿತು. ಲ್ಯಾನ್ಸರ್ಸ್ ಸವಾರರು 1953ರಲ್ಲಿ ಹುಟ್ಟಿದ 61ನೇ ಕ್ಯಾವಲ್ರಿಗೆ.

ಬಂದು ಹೇಳಿದವನ ಬಗೆಗಿನ ಈ ಬೆರಗು ನನ್ನನ್ನು ಪೂರ್ತಿ ಹಿಡಿದದ್ದು ಮಾತ್ರ ಕೊಡಗಿನ ಒಬ್ಬರ ಕತೆ ಓದಿದಾಗ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ನಮ್ಮ ವಾಯುಪಡೆಯ ಮಿಸ್ಟೇರ್ ವಿಮಾನಗಳು ಹೊರಟವು. ದೇವಯ್ಯ ಆ ದಿನ ಕಾಯ್ದಿರಿಸಿದ ಪೈಲಟ್. ಯಾವುದಾದರೂ ವಿಮಾನ ಹಿಂದುಳಿದರೆ ಮಾತ್ರ ಅವರ ಸರದಿ. ಒಂದು ಹಿಂದುಳಿಯಿತು, ಅವರು ಹೋದರು. ಹಿಂದಿರುಗಲಿಲ್ಲ. ಏನಾಯಿತೆಂದು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಕಾಣೆಯಾದವರು ಎಂದು ಬರೆದುಕೊಂಡರು, ಅಷ್ಟೆ.

ಕಂಡವರು ಆ ಕಡೆ ಇದ್ದರು. ಹದಿನಾಲ್ಕು ವರ್ಷಗಳ ನಂತರ, 1979ರಲ್ಲಿ, ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಪುಸ್ತಕ ಬರೆದ. ಅದರಿಂದ ಗೊತ್ತಾದದ್ದು ಇದು. ಪಾಕಿಸ್ತಾನದ ಅಮ್ಜದ್ ಹುಸೇನ್ ಎಂಬ ಪೈಲಟ್ ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್ ವಿಮಾನದಲ್ಲಿ ಒಂಟಿ ಮಿಸ್ಟೇರ್ ಒಂದನ್ನು ಅಟ್ಟಿಸಿಕೊಂಡು ಬಂದು ಹೊಡೆದ. ಪೆಟ್ಟು ತಿಂದ ಆ ಹಳೆಯ ವಿಮಾನ ಓಡಿಹೋಗಲಿಲ್ಲ. ತಿರುಗಿ ನಿಂತು ಕಾದಾಡಿತು, ಸ್ಟಾರ್‌ಫೈಟರನ್ನೂ ಹೊಡೆದುರುಳಿಸಿತು. ಅಮ್ಜದ್ ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡ. ಮಿಸ್ಟೇರಿನವರು ಉಳಿಯಲಿಲ್ಲ. ಯಾರು ಅವರು ಎಂದು ನಮ್ಮವರು ಲೆಕ್ಕ ಹಾಕುತ್ತ ಬಂದಾಗ ಉಳಿದ ಹೆಸರು ಒಂದೇ. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಮೇಲೆ, ದೇವಯ್ಯನವರ ಪತ್ನಿಯ ಕೈಗೆ ಮಹಾವೀರ ಚಕ್ರ ಬಂತು.

ಎಂದರೆ, ಬಂದು ಹೇಳಿದವನು ಎದುರಾಳಿ. ಅವನು ಬದುಕಿ ಇಳಿದಿದ್ದರಿಂದ ಇವರ ಸಾವಿಗೆ ಸಾಕ್ಷಿ ಸಿಕ್ಕಿತು.

ಇದನ್ನು ತಿಳಿದ ಮೇಲೆ ಕೆರೆ ಏರಿಯ ಕಲ್ಲನ್ನು ನಾನು ಬೇರೆಯಾಗಿ ನೋಡುತ್ತೇನೆ. ವೀರನ ಎದುರಿಗೆ ಬಿಲ್ಲೆಳೆದು ನಿಂತವರಿದ್ದಾರಲ್ಲ, ಅವರನ್ನು ಕುಟಿಗ ಅಳಿಸಲಿಲ್ಲ, ಕುರೂಪಿಗಳನ್ನಾಗಿಯೂ ಮಾಡಲಿಲ್ಲ. ಅದೇ ತುರುಬು, ಅದೇ ಕಾಸೆ, ಅದೇ ಗಟ್ಟಿ ತೊಡೆ. ನೂರಾರು ಮಳೆಗಾಲ ಒಂದೇ ಕಲ್ಲಿನಲ್ಲಿ ಇಬ್ಬರೂ ನೆನೆದಿದ್ದಾರೆ. ವೀರನ ಮುಖ ಸವೆದಷ್ಟೇ ಅವರದ್ದೂ ಸವೆದಿದೆ. ಕುಂಕುಮ ಹಚ್ಚುವ ಅಜ್ಜಿ ಇಬ್ಬರಿಗೂ ಹಚ್ಚುತ್ತಾಳೆ. ಯಾರು ಯಾರೆಂದು ಕೇಳಿದರೆ, ದೇವರಲ್ವೇನಪ್ಪಾ ಎನ್ನುತ್ತಾಳೆ.

ಕಳೆದ ಸಂಕ್ರಾಂತಿಯ ಹೊತ್ತಿಗೆ ಬಾಣಾವರದ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತ ಕೂತಿದ್ದೆ. ಅರಸೀಕೆರೆ ಕಡೆಯಿಂದ ಬಂದ ಗಾಡಿಯಿಂದ ಒಬ್ಬ ಹುಡುಗ ಇಳಿದ. ಕಪ್ಪು ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಗಲಿಗೆ ಹಸಿರು ಚೀಲ. ಮಿಲಿಟ್ರಿಯಿಂದ ರಜೆಗೆ ಬಂದವನು. ಕರೆದೊಯ್ಯಲು ಮನೆಯವರೆಲ್ಲ ಬಂದಿದ್ದರು. ತಮ್ಮ ಟ್ರಂಕಿಗೆ ಕೈಹಾಕಿದ, ತಾಯಿ ಮುಖ ಸವರಿ ದೃಷ್ಟಿ ತೆಗೆದಳು. ಅಜ್ಜಿ ಅವನ ಮುಂಗೈಯನ್ನು ಬಿಡದೆ ಹಿಡಿದುಕೊಂಡು ನಿಂತಿದ್ದಳು.

‘ಅಲ್ಲಿ ಹೊಟ್ಟೆ ತುಂಬ ಇಕ್ತಾರೇನ್ಲಾ ಮಗಾ?’

‘ಇಕ್ತಾರೆ ಕಣಜ್ಜಿ. ಮುದ್ದೆ ಒಂದು ಸಿಗಲ್ಲ.’

‘ಚಳಿ?’

ಹುಡುಗ ಸ್ವಲ್ಪ ಹೊತ್ತು ಹಳಿಗಳ ಕಡೆ ನೋಡಿದ. ‘ಐತೆ,’ ಎಂದ.

ಅಜ್ಜಿ ಮತ್ತೇನೂ ಕೇಳಲಿಲ್ಲ. ಎಲ್ಲರೂ ಸ್ಟೇಷನ್ನಿನ ಹೊರಗೆ ನಡೆದರು. ಅವಳು ಕೈ ಬಿಟ್ಟಿರಲಿಲ್ಲ.