ಊರು ಮುಟ್ಟುವಷ್ಟು

ಗುಬ್ಬಿ ದಾಟಿ ಕಡಬದ ಕಡೆಗೆ ಹೋಗುವಾಗ ಟಾರು ರಸ್ತೆ ಬಿಟ್ಟು ಪಕ್ಕಕ್ಕೆ ಇಳಿದರೆ ಗಾಡಿಜಾಡು ಸಿಗುತ್ತದೆ. ಎರಡೂ ಕಡೆ ತೆಂಗು, ತೆಂಗಿನ ನಡುವೆ ಅಡಿಕೆ, ಬದುವಿನ ಮೇಲೆ ಬೇಲಿಮುಳ್ಳು. ಗುಡ್ಡಗಾಡಿನ ಸೈಕಲ್ಲು ಓಡಿಸುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ. ಎರಡು ವರ್ಷದ ಹಿಂದೆ, ಮಾಗಿಯ ಒಂದು ಭಾನುವಾರ ಬೆಳಿಗ್ಗೆ, ಅಲ್ಲಿಯೇ ನನ್ನ ಹಿಂದಿನ ಟೈರು ಸೀಳಿತು. ಮುಳ್ಳಾಗಿದ್ದರೆ ಚಿಂತೆಯಿರಲಿಲ್ಲ. ನಮ್ಮ ಕಡೆ ನೆಗ್ಗಿಲು, ಜಾಲಿ, ಬಳ್ಳಾರಿ ಜಾಲಿ ಇವೆಲ್ಲ ಟೈರಿಗೆ ದಿನನಿತ್ಯದ ನಂಟರು. ಟ್ಯೂಬು ಬದಲಿಸಿ ಹತ್ತು ನಿಮಿಷಕ್ಕೆ ಹೊರಡುತ್ತೇವೆ. ಇದು ಮಣ್ಣಲ್ಲಿ ಹುದುಗಿದ್ದ ಬಾಟ್ಲಿ ಚೂರು. ಟೈರಿನ ಪಕ್ಕೆಯನ್ನೇ ಎರಡು ಬೆರಳಗಲ ಕೊಯ್ದು ಹಾಕಿತ್ತು. ಚೀಲದಲ್ಲಿದ್ದ ಹೊಸ ಟ್ಯೂಬು ಹಾಕಿ ಗಾಳಿ ಹೊಡೆದರೆ, ಅದು ಸೀಳಿನೊಳಗಿಂದ ಕಪ್ಪೆಯ ಗಂಟಲಿನ ಹಾಗೆ ಉಬ್ಬಿ ಆಚೆಗೆ ಬಂತು.

ಇಂಥ ಹೊತ್ತಿಗೆ ಏನು ಮಾಡಬೇಕೆಂದು ಓದಿಕೊಂಡಿದ್ದೆ. ಸೀಳಿಗೆ ಒಳಗಿನಿಂದ ಗಟ್ಟಿಯಾದ ಏನನ್ನಾದರೂ ಒತ್ತು ಕೊಡಬೇಕು. ಅಮೆರಿಕದ ಸವಾರರು ಡಾಲರ್ ನೋಟನ್ನು ಮಡಿಸಿ ಇಡುತ್ತಾರೆ; ಆ ನೋಟು ಮುಕ್ಕಾಲು ಪಾಲು ಹತ್ತಿ, ಕಾಲು ಪಾಲು ಅಗಸೆ ನಾರು, ಸುಲಭಕ್ಕೆ ಹರಿಯುವುದಿಲ್ಲ. ನಮ್ಮ ನೋಟೂ ಹತ್ತಿಯದೇ ಅಲ್ಲವೇ ಎಂದು ಹತ್ತರ ನೋಟೊಂದನ್ನು ನಾಲ್ಕು ಮಡಿಕೆ ಮಾಡಿ ಇಟ್ಟೆ. ಕೈಯಿಂದ ಕೈಗೆ ಹೋಗಿ ಸವೆದಿದ್ದ ನೋಟು, ಗಾಳಿ ತುಂಬುವಷ್ಟರಲ್ಲೇ ಮಡಿಕೆಯ ಗೆರೆಯಲ್ಲಿ ಬಿರಿಯಿತು.

ತೋಟದಲ್ಲಿ ಹುಲ್ಲು ಕೊಯ್ಯುತ್ತಿದ್ದ ಒಬ್ಬರು, ನಮ್ಮಮ್ಮನ ವಯಸ್ಸಿನವರು, ಕುಡುಗೋಲು ಹಿಡಿದುಕೊಂಡೇ ಬಂದು ನಿಂತರು.

"ಯಾಕಪ್ಪಾ, ಏನಾತು?"

ತೋರಿಸಿದೆ. ಸೀಳಿನೊಳಗೆ ಬೆರಳು ಹಾಕಿ ನೋಡಿದರು. ಏನೂ ಹೇಳದೆ ತೋಟದೊಳಗೆ ಹೋಗಿ, ಉದುರಿಬಿದ್ದಿದ್ದ ಅಡಿಕೆ ಹಾಳೆಯೊಂದನ್ನು ತಂದು ಅಂಗೈ ಅಗಲ ಕೊಯ್ದು ಕೊಟ್ಟರು. ನಾನು ಅದನ್ನು ಹಾಗೇ ತುರುಕಲು ಹೋದೆ.

"ತಡಿ, ತಡಿ. ಒಣಗಿರೋದನ್ನ ಬಗ್ಸಿದ್ರೆ ಮುರೀತದೆ. ನೆನೆಸ್ಕೋ."

ಕುಡಿಯಲು ಇಟ್ಟುಕೊಂಡಿದ್ದ ನೀರನ್ನೇ ಸುರಿದು ನೆನೆಸಿದೆವು. ಸ್ವಲ್ಪ ಹೊತ್ತಿಗೆ ಹಾಳೆ ತೊಗಲಿನ ಹಾಗೆ ಬಾಗಿತು. ಟೈರಿನ ಒಳಮೈಗೆ ಅಂಟಿಕೊಂಡು ಕೂತಿತು. ಗಾಳಿ ಹೊಡೆದೆ, ಪೂರ್ತಿ ಅಲ್ಲ, ಮುಕ್ಕಾಲು. ಉಬ್ಬು ಬರಲಿಲ್ಲ. ಆಯಮ್ಮ ಗಾಲಿಯನ್ನು ಒಂದು ಸುತ್ತು ತಿರುಗಿಸಿ ನೋಡಿ, "ಊರು ಮುಟ್ಟೋ ಗಂಟ ಇರ್ತದೆ ಬುಡು" ಎಂದು ಹುಲ್ಲಿನ ಕಡೆಗೆ ಹೋದರು.

ನಾನು ಓದಿದ್ದ ಪುಸ್ತಕಗಳಲ್ಲಿ ಸವಾರ ಒಬ್ಬನೇ ಇರುತ್ತಾನೆ. ಕಾಡು, ಬೆಟ್ಟ, ಅವನ ಚೀಲ, ಅವನ ಬುದ್ಧಿ, ಅಷ್ಟೇ. ಸೈಕಲ್ ಓಟದ ಚರಿತ್ರೆಯಲ್ಲಿ ಎಲ್ಲರೂ ಹೇಳುವ ಕಥೆಯೂ ಅಂಥದ್ದೇ. 1913ರ ಟೂರ್ ದ ಫ್ರಾನ್ಸ್‌ನಲ್ಲಿ ಯುಜೀನ್ ಕ್ರಿಸ್ಟೋಫ್ ಎಂಬ ಸವಾರನಿಗೆ ಪಿರನೀಸ್ ಪರ್ವತದ ಟೂರ್ಮಲೆ ಕಣಿವೆಯಲ್ಲಿ ಇಳಿಯುವಾಗ ಮುಂದಿನ ಫೋರ್ಕು ಮುರಿಯಿತು. ಹೊರಗಿನವರ ನೆರವು ಪಡೆಯಬಾರದೆಂಬುದು ಓಟದ ಅಂದಿನ ನಿಯಮ. ಸೈಕಲ್ಲನ್ನು ಹೆಗಲಿಗೇರಿಸಿ ಹತ್ತು ಕಿಲೋಮೀಟರಿಗೂ ಮೇಲೆ ನಡೆದು ಕೆಳಗಿನ ಹಳ್ಳಿಯ ಕುಲುಮೆ ಸೇರಿದ. ಕಮ್ಮಾರ ನೋಡುತ್ತಾ ನಿಂತ, ಕ್ರಿಸ್ಟೋಫ್ ತಾನೇ ಕಾಯಿಸಿ ಬಡಿದು ಫೋರ್ಕು ಸರಿಮಾಡಿದ. ಎರಡು ಕೈಯೂ ಕೆಲಸದಲ್ಲಿದ್ದಾಗ ಒಬ್ಬ ಹುಡುಗ ತಿದಿ ಒತ್ತಿದನಂತೆ. ಅಷ್ಟಕ್ಕೆ ಓಟದ ಅಧಿಕಾರಿಗಳು ಅವನ ಲೆಕ್ಕಕ್ಕೆ ಸಮಯದ ದಂಡ ಸೇರಿಸಿದರು. ಕ್ರಿಸ್ಟೋಫ್‌ನ ಹಟದ ಮುಂದೆ ತಲೆ ಬಾಗುತ್ತೇನೆ. ಆದರೆ ನನ್ನ ಮನಸ್ಸು ಈಚೆಗೆ ತಿದಿ ಒತ್ತಿದ ಹುಡುಗನ ಕಡೆಗೇ ಹೋಗುತ್ತದೆ. ತುಮಕೂರು ಸೀಮೆಯಲ್ಲಿ ಸೈಕಲ್ಲು ಮಗುಚಿಟ್ಟು ಕೂತರೆ ಐದು ನಿಮಿಷಕ್ಕೆ ಯಾರಾದರೂ ಬಂದು ನಿಲ್ಲುತ್ತಾರೆ. ಅವರಿಗೆ ಗೇರು ಗೊತ್ತಿಲ್ಲದಿರಬಹುದು, ಹಾಳೆ ಗೊತ್ತಿರುತ್ತದೆ. ನಮ್ಮ ದಾರಿಬದಿಯ ರಿಪೇರಿ ಎಂದರೆ ಅರ್ಧಕ್ಕರ್ಧ ಆ ತಿಳಿವಳಿಕೆಯೇ.

ಅವತ್ತು ಗುಬ್ಬಿಗೆ ಬಂದು, ಅಲ್ಲಿಂದ ತುಮಕೂರಿನ ಇಪ್ಪತ್ತು ಕಿಲೋಮೀಟರು ನಾನು ಹೇಗೆ ಬಂದೆ ಎಂಬುದು ಈಗಲೂ ಮೈಯಲ್ಲಿ ನೆನಪಿದೆ. ಮೈಭಾರವನ್ನೆಲ್ಲ ಮುಂದಿನ ಗಾಲಿಗೆ ಹಾಕಿಕೊಂಡಿದ್ದೆ. ರಸ್ತೆಯುಬ್ಬು ಬಂದರೆ ಇಳಿದು ತಳ್ಳುತ್ತಿದ್ದೆ. ಕಿವಿ ಪೂರಾ ಹಿಂದಕ್ಕೇ ಇತ್ತು: ಹಾಳೆ ಒಣಗುತ್ತಾ ಬಂದ ಹಾಗೆ ಗಾಲಿಯ ಒಂದೊಂದು ಸುತ್ತಿಗೂ ಸಣ್ಣಗೆ ಕರಕ್ ಎನ್ನುತ್ತಿತ್ತು. ಆ ಶಬ್ದ ನಿಂತರೆ ಎದೆ ಧಸಕ್ಕೆನ್ನುತ್ತಿತ್ತು. ವಾರ ವಾರ ಓಡಾಡಿದ ಅದೇ ರಸ್ತೆಯ ಒಂದೊಂದು ಗುಂಡಿಯೂ ಅವತ್ತು ಬೇರೆಯಾಗಿ ಕಂಡಿತು.

ಹೀಗೆ ದಾರಿಯಲ್ಲಿ ಮಾಡಿಕೊಳ್ಳುವ ಉಪಾಯಗಳು ಸವಾರರ ನಡುವೆ ಹತ್ತಾರಿವೆ. ತೇಪೆಯೂ ಇಲ್ಲ, ಬೇರೆ ಟ್ಯೂಬೂ ಇಲ್ಲವೆಂದಾಗ ತೂತಾದ ಜಾಗದಲ್ಲೇ ಟ್ಯೂಬನ್ನು ಕತ್ತರಿಸಿ, ಎರಡು ತುದಿಯನ್ನೂ ಬಿಗಿಯಾಗಿ ಗಂಟು ಹಾಕಿ, ಎಳೆದು ಕೂರಿಸಿ ಗಾಳಿ ತುಂಬುತ್ತಾರೆ. ಅದೂ ಆಗದಿದ್ದರೆ ಟೈರಿನೊಳಕ್ಕೆ ಹುಲ್ಲು ತುರುಕುತ್ತಾರೆ. ಹಸಿ ಹುಲ್ಲನ್ನು ಹಗ್ಗದ ಹಾಗೆ ಹೊಸೆದು, ಇನ್ನು ಒಂದೆಳೆಯೂ ಹಿಡಿಸದು ಅನ್ನುವಷ್ಟು ಗಿಡಿಯಬೇಕು. ತೆಂಗಿನ ನಾರು ಹುಲ್ಲಿಗಿಂತ ಮೇಲು ಅನ್ನುವುದು ನನ್ನ ಅನುಭವ, ಅದಕ್ಕೆ ಪುಟಿಯುವ ಗುಣವಿದೆ. ಗೇರು ಬದಲಿಸುವ ಹಿಂದಿನ ಡಿರೈಲರ್ ಕಲ್ಲಿಗೆ ಬಡಿದು ಮುರಿದರೆ ಅದನ್ನು ಕಳಚಿ, ಚೈನಿನ ಕೊಂಡಿ ತೆಗೆದು ಗಿಡ್ಡ ಮಾಡಿ, ಒಂದೇ ಗೇರಿನ ಸೈಕಲ್ಲು ಮಾಡಿಕೊಂಡು ಬರಬಹುದು. ಕಡ್ಡಿ ಮುರಿದರೆ ಪಕ್ಕದ ಕಡ್ಡಿಗೆ ಸುತ್ತಿ, ಆ ಗಾಲಿಯ ಬ್ರೇಕು ಸವರುತ್ತಿದ್ದರೆ ಸ್ವಲ್ಪ ಸಡಿಲ ಬಿಡುತ್ತಾರೆ.

ಇವುಗಳಲ್ಲಿ ಯಾವುದೂ ಸೈಕಲ್ಲನ್ನು ಮೊದಲಿನಂತೆ ಮಾಡುವುದಿಲ್ಲ. ಗಂಟು ಹಾಕಿದ ಟ್ಯೂಬು ಸುತ್ತಿಗೊಂದು ಸಲ ಕುಲುಕುತ್ತದೆ. ಹುಲ್ಲು ತುಂಬಿದ ಟೈರು ತಿರುವಿನಲ್ಲಿ ರಿಮ್ಮಿನಿಂದ ಜಾರಲು ನೋಡುತ್ತದೆ. ಒಂದೇ ಗೇರಿನಲ್ಲಿ ಏರು ಹತ್ತಲಾಗದು, ಇಳಿಯಬೇಕು, ತಳ್ಳಬೇಕು. ಒಂದೊಂದು ತೇಪೆಯೂ ತನ್ನದೇ ಒಂದು ನಡೆಯನ್ನು ಕೇಳುತ್ತದೆ. ನನಗೆ ಕಂಡದ್ದು ಇಷ್ಟು: ರಿಪೇರಿಯ ಅರ್ಧ ಭಾಗ ಮಾತ್ರ ಟೈರಿನೊಳಗೆ ಇರುವುದು, ಉಳಿದರ್ಧ ಓಡಿಸುವವನ ಮೈಯಲ್ಲಿರುತ್ತದೆ. ಹಾಳೆ ಅಷ್ಟು ದೂರ ತಾಳಿದ್ದು ಹಾಳೆಯ ಗಟ್ಟಿತನದಿಂದ ಮಾತ್ರವಲ್ಲ, ನಾನು ಬೇರೆ ಥರ ಓಡಿಸಿದ್ದರಿಂದಲೂ. ಬ್ರೇಕು, ಹ್ಯಾಂಡಲ್ಲು, ಫೋರ್ಕು, ಈ ಮೂರರ ವಿಷಯದಲ್ಲಿ ಮಾತ್ರ ಯಾವ ಉಪಾಯವೂ ಬೇಡವೆಂದು ಹೊಸಬರಿಗೆ ಕೈಮುಗಿದು ಹೇಳುತ್ತೇನೆ. ಅವು ಹೋದರೆ ನಡೆದುಕೊಂಡೇ ಬನ್ನಿ. ಅಲ್ಲಿ ಮೈ ಕೊಡಬೇಕಾದ ಅರ್ಧವನ್ನು ಕೊಡಲು ಹೊತ್ತೇ ಸಿಗುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ತಪ್ಪಿದೆ. ಮನೆಗೆ ಬಂದವನು ಟೈರು ಬದಲಿಸಲಿಲ್ಲ. ನಾಳೆ ನೋಡೋಣ ಅಂದುಕೊಂಡೆ. ಮರುವಾರ ಕ್ಯಾತ್ಸಂದ್ರದ ತನಕ ಹೋಗಿ ಬಂದೆ, ಏನೂ ಆಗಲಿಲ್ಲ. ಕರಕ್ ಶಬ್ದ ಕಿವಿಗೆ ರೂಢಿಯಾಗಿ ಕೇಳಿಸದಾಯಿತು. ಮೂರನೆಯ ವಾರ ದೇವರಾಯನದುರ್ಗಕ್ಕೆ ಹತ್ತಿ, ಇಳಿಯುವಾಗ ಎಂದಿನ ವೇಗದಲ್ಲೇ ಬಿಟ್ಟೆ. ನಾಮದ ಚಿಲುಮೆ ಇನ್ನೂ ದೂರವಿತ್ತು, ಒಂದು ತಿರುವಿನಲ್ಲಿ ಹಿಂದಿನ ಟೈರು ಪಟಾಕಿಯ ಹಾಗೆ ಸಿಡಿಯಿತು. ಮೊಣಕೈ ಮತ್ತು ತೊಡೆ ತರಚಿ ರಕ್ತ ಬಂತು, ಮೂಳೆಗೇನೂ ಆಗಲಿಲ್ಲ. ಎದುರಿಗೆ ಗಾಡಿ ಬರದೇ ಇದ್ದದ್ದು ನನ್ನ ಪುಣ್ಯ. ಆಯಮ್ಮ ಊರು ಮುಟ್ಟುವ ತನಕ ಎಂದು ಸ್ಪಷ್ಟವಾಗಿ ಹೇಳಿದ್ದರು. ಹಾಳೆ ತನ್ನ ಮಾತನ್ನು ಉಳಿಸಿಕೊಂಡಿತ್ತು.

ಆ ಸಂಜೆ ವರಾಂಡದಲ್ಲಿ ಟೈರು ಬಿಚ್ಚಿ ಕೂತಿದ್ದಾಗ ಅಪ್ಪ ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತರು. ಅಪ್ಪ ಎಚ್‌ಎಂಟಿಯವರು. 1978ರಲ್ಲಿ ತುಮಕೂರಿನಲ್ಲಿ ಶುರುವಾದ ಆ ಕೈಗಡಿಯಾರದ ಕಾರ್ಖಾನೆಯಲ್ಲಿ ಜೋಡಣೆಯ ಮೇಜಿನ ಮುಂದೆ ದುಡಿದವರು. 2016ರಲ್ಲಿ ಎಚ್‌ಎಂಟಿ ಗಡಿಯಾರದ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನ ಮಾಡುವ ಹೊತ್ತಿಗೆ ನಿವೃತ್ತರಾಗಿದ್ದರು. ಅವರಿಗೆ ಲಕ್ವಾ ಹೊಡೆದು ಆಗ ಒಂದು ವರ್ಷ. ಬಲಗೈ ಪೂರ್ತಿ ಬಂದಿರಲಿಲ್ಲ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಕೂರಿಸುತ್ತಿದ್ದ ಕೈ ಅದು.

ಆಸ್ಪತ್ರೆಯಿಂದ ಬಂದಾಗ ನಾವೆಲ್ಲ ಸದ್ಯ, ಸರಿಹೋದರು ಅಂದುಕೊಂಡಿದ್ದೆವು. ಮಾತು ಬಂತು, ನಡೆದಾಡಿದರು, ಇನ್ನೇನು? ಆಮೇಲೆ ಅವರು ಗೋಡೆಯ ಬದಿಯಲ್ಲೇ ನಡೆಯುವುದು, ಮದುವೆ ಮುಂಜಿಗೆ ಬರುವುದಿಲ್ಲವೆನ್ನುವುದು, ಮೆಟ್ಟಿಲ ಮುಂದೆ ನಿಂತುಬಿಡುವುದು ಎಲ್ಲ ನಮಗೆ ಹಟದ ಹಾಗೆ ಕಂಡಿತು. ಸ್ವಲ್ಪ ಧೈರ್ಯ ಮಾಡಿ ಅಪ್ಪಾ ಎಂದು ನಾನೇ ಎಷ್ಟು ಸಲ ರೇಗಿದ್ದೆನೋ.

ಹಾಳೆಯ ತುಂಡನ್ನು ಅಪ್ಪ ಎಡಗೈಗೆ ತೆಗೆದುಕೊಂಡರು. ಟೈರಿನ ಬಾಗು ಹಾಗೇ ಅದರಲ್ಲಿ ಅಚ್ಚಾಗಿತ್ತು, ನಡುವೆ ಉದ್ದಕ್ಕೆ ಸೀಳಿತ್ತು. ಕಥೆಯೆಲ್ಲ ಹೇಳಿದೆ.

"ಮೊದಲ್ನೇ ದಿನ ಹೆಂಗೆ ಬಂದೆ ಇದನ್ನ ಹಾಕ್ಕೊಂಡು?"

"ನಿಧಾನಕ್ಕೆ. ಉಬ್ಬು ಬಂದ ಕಡೆ ಇಳಿದು ತಳ್ಕೊಂಡು."

"ಹೂಂ," ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಪ್ಪ ಕಾರ್ಖಾನೆಯ ಮಾತು ತೆಗೆದರು. ರಿಪೇರಿಯಾದ ಗಡಿಯಾರ ಓಡಿದ ತಕ್ಷಣ ಸರಿಹೋಯಿತು ಅನ್ನುವ ಹಾಗಿಲ್ಲ. ಮುಖ ಮೇಲೆ ಮಾಡಿ ಇಡಬೇಕು, ಮುಖ ಕೆಳಗೆ ಮಾಡಿ ಇಡಬೇಕು, ಕೀಲಿ ಕೆಳಗಾಗುವಂತೆ ನಿಲ್ಲಿಸಿ ನೋಡಬೇಕು. ಒಂದೊಂದು ಮಗ್ಗುಲಿಗೆ ಒಂದೊಂದು ಥರ ಓಡುತ್ತದೆ. "ಯಾವ ಮಗ್ಗುಲಲ್ಲಿ ಹಿಂದೆ ಬೀಳ್ತದೆ ಅಂತ ಗೊತ್ತಾಗೋವರೆಗೂ ಅದನ್ನ ಕೈಗೆ ಕಟ್ಕೋಬಾರದು" ಅಂದರು. ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಮುಖ ಎತ್ತಿ ನೋಡಲಾಗಲಿಲ್ಲ. ಅಪ್ಪ ಒಂದು ವರ್ಷದಿಂದ ಉಬ್ಬು ಬಂದ ಕಡೆ ಇಳಿದು ತಳ್ಳಿಕೊಂಡು ಬರುತ್ತಿದ್ದರು. ನಾವು ಹಿಂದಿನಿಂದ ಗಂಟೆ ಹೊಡೆಯುತ್ತಿದ್ದೆವು.

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ, ಗೂಳೂರಿನ ಬಳಿ ಕೈದಾಳವಿದೆ. ಅಮರಶಿಲ್ಪಿ ಜಕಣಾಚಾರಿಯ ಊರೆಂದು ಐತಿಹ್ಯ. ಬೇಲೂರಿನಲ್ಲಿ ಅವನು ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಒಬ್ಬ ಹುಡುಗ ಹೇಳಿದ್ದು, ಒಳಗಿಂದ ಕಪ್ಪೆ ಹೊರಬಂದದ್ದು, ಆಡಿದ ಮಾತಿನಂತೆ ಜಕಣ ತನ್ನ ಬಲಗೈ ಕಡಿದುಕೊಂಡದ್ದು, ಆ ಹುಡುಗ ಅವನ ಮಗ ಡಂಕಣನೇ ಎಂದು ತಿಳಿದದ್ದು, ಇದೆಲ್ಲ ನಮ್ಮ ಮಕ್ಕಳಿಗೂ ಗೊತ್ತು. ಊರಿಗೆ ಬಂದು ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂತು, ಅದಕ್ಕೇ ಕೈದಾಳ ಎನ್ನುತ್ತಾರೆ. ಚಿಕ್ಕಂದಿನಿಂದ ಕೇಳಿದ ಈ ಕಥೆಯಲ್ಲಿ ಕೈ ಬಂದ ಪವಾಡವೇ ದೊಡ್ಡದೆಂದು ತಿಳಿದಿದ್ದೆ. ಕಳೆದ ಯುಗಾದಿಯ ಮಾರನೇ ದಿನ ಅಪ್ಪನನ್ನು ಕರೆದುಕೊಂಡು ಅಲ್ಲಿಗೆ ಹೋಗಿ, ಆ ಕೇಶವನ ಮುಂದೆ ನಿಂತಾಗ ಕಥೆಯ ಅನುಕ್ರಮ ಹೊಳೆಯಿತು. ಕೈ ಬಂದ ಮೇಲೆ ಗುಡಿ ಕಟ್ಟಲಿಲ್ಲ. ಗುಡಿ ಕಟ್ಟಿದ ಮೇಲೆ ಕೈ ಬಂತು. ನಡುವಿನ ಕಾಲದಲ್ಲಿ ಉಳಿ ಹಿಡಿದದ್ದು ಯಾವ ಕೈ, ಕಲ್ಲು ಹೊರಳಿಸಿದವರು ಯಾರು, ಅವನು ಒರಗಿ ಕೂತದ್ದು ಹೇಗೆ ಎಂಬುದನ್ನು ಕಥೆ ಹೇಳುವುದಿಲ್ಲ. ನನಗೆ ಈಗ ತಿಳಿಯಬೇಕಾಗಿರುವುದು ಅದು. ಕೈ ಬರಲಿ ಆಮೇಲೆ ನೋಡೋಣ ಎಂದು ಅವನು ಕಾದಿದ್ದರೆ ಗುಡಿಯೂ ಇಲ್ಲ, ಬಹುಶಃ ಕೈಯೂ ಇಲ್ಲ. ಮನೆಯಲ್ಲಿ ನಾವು ಅಪ್ಪನಿಗೆ ಹೇಳುತ್ತಿದ್ದದ್ದು ಎರಡೇ ಮಾತು: ಒಂದೋ ಮೊದಲಿನ ಹಾಗೆ ಓಡಾಡಿ, ಇಲ್ಲವೋ ಪೂರ್ತಿ ಸರಿಹೋಗುವ ತನಕ ಸುಮ್ಮನೆ ಕೂತಿರಿ. ಇವೆರಡರ ನಡುವೆ ಒಂದು ದೊಡ್ಡ ಬದುಕಿದೆ ಎಂಬುದು ನಮ್ಮ ಗಮನಕ್ಕೇ ಬಂದಿರಲಿಲ್ಲ.

ಹೊರಗೆ ಬರುವಾಗ ಗುಡಿಯ ಹೊಸ್ತಿಲು ಎತ್ತರವಿತ್ತು. ಅಪ್ಪ ನಿಂತರು. ನಾನೂ ನಿಂತೆ. ಅವರು ಎಡಗಾಲು ಮೊದಲು ದಾಟಿಸಿ, ಚೌಕಟ್ಟಿಗೆ ಭುಜ ಕೊಟ್ಟು, ಬಲಗಾಲನ್ನು ಆಮೇಲೆ ಎತ್ತಿಟ್ಟರು. ಎಷ್ಟು ಹೊತ್ತಾಯಿತೋ ಲೆಕ್ಕ ಇಡಲಿಲ್ಲ.

ಈಗ ನನ್ನ ಸೈಕಲ್ಲಿನ ಚೀಲದಲ್ಲಿ ಅಡಿಕೆ ಹಾಳೆಯ ತುಂಡೊಂದು ಸದಾ ಇರುತ್ತದೆ. ಹೋದ ತಿಂಗಳು ಹಳೆಯದು ಹುಡಿಯಾಗಿದ್ದರಿಂದ ಗುಬ್ಬಿಯಿಂದ ಬೇರೆ ತಂದು, ನೆನೆಸಿ, ಕತ್ತರಿ ಹುಡುಕುತ್ತಿದ್ದೆ. ಅಪ್ಪ ಕತ್ತರಿಯನ್ನು ಎಡಗೈಗೆ ತೆಗೆದುಕೊಂಡು ಹಾಳೆ ಹಿಡಿದುಕೊಳ್ಳಲು ಹೇಳಿದರು. ನಾನು ಬಿಗಿಯಾಗಿ ಹಿಡಿದೆ, ಅವರು ಕತ್ತರಿಸಿದರು. ಅಂಚು ಸೊಟ್ಟಗೆ ಬಂತು. ತಿರುಗಿಸಿ ತಿರುಗಿಸಿ ನೋಡಿ, "ಮೂಲೆಗಳನ್ನ ದುಂಡಗೆ ಮಾಡ್ಬೇಕು ಕಣೋ. ಇಲ್ದಿದ್ರೆ ಟ್ಯೂಬಿಗೆ ಚುಚ್ತದೆ. ಸರಿಯಾಗಿ ಹಿಡ್ಕೋ" ಎಂದರು.