ಸಮ ಚಿಹ್ನೆ ಇಲ್ಲದ ಲೆಕ್ಕ

ಗದಗಿನ ಎಪಿಎಂಸಿಗೆ ಒಬ್ಬ ರೈತ 18 ಕ್ವಿಂಟಲ್ ಶೇಂಗಾ, 7 ಕ್ವಿಂಟಲ್ ಹೆಸರು ತಂದ ಎಂದಿಟ್ಟುಕೊಳ್ಳೋಣ. ಶೇಂಗಾಕ್ಕೆ ಕ್ವಿಂಟಲಿಗೆ 6,400 ರೂಪಾಯಿ, ಹೆಸರಿಗೆ 7,300 ರೂಪಾಯಿ ದರ ಬಿತ್ತು. ಹಮಾಲಿ, ತೂಕ, ಗಾಡಿ ಬಾಡಿಗೆ ಎಲ್ಲ ಸೇರಿ 1,450 ಮುರಿಯಬೇಕು. ಅಡತಿ ಅಂಗಡಿಯ ಗಲ್ಲಾದ ಪಕ್ಕ ಇರುವ ಸಾದಾ ಕ್ಯಾಲ್ಕುಲೇಟರಿನಲ್ಲಿ 18 ಗುಣಿಸು 6400 ಕೂಡಿಸು 7 ಗುಣಿಸು 7300 ಎಂದು ಒಂದೇ ಉಸಿರಿಗೆ ಒತ್ತಿ ಸಮ ಚಿಹ್ನೆಗೆ ಬಂದರೆ ಪರದೆಯ ಮೇಲೆ 84 ಕೋಟಿ ರೂಪಾಯಿ ಕಾಣುತ್ತದೆ. ಯಂತ್ರ ಮೊದಲ ಗುಣಾಕಾರ ಮುಗಿಸಿ, ಬಂದದ್ದಕ್ಕೆ 7 ಕೂಡಿಸಿ, ಒಟ್ಟನ್ನೂ 7,300ರಿಂದ ಗುಣಿಸಿಬಿಟ್ಟಿರುತ್ತದೆ. ವ್ಯಾಪಾರಸ್ಥರಿಗೆ ಇದು ಗೊತ್ತು, ಅವರು ಬಂದ ಗುಣಲಬ್ಧವನ್ನು ನೆನಪಿಗೆ ಕೂಡಿಸಿಡುವ ಎಂ ಪ್ಲಸ್ ಕೀಲಿ ಬಳಸುತ್ತಾರೆ. ಶಾಲೆ ಮಕ್ಕಳ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇಲ್ಲಿ ಜಾಣತನ ತೋರಿಸುತ್ತದೆ: ಕೂಡಿಸು ಎಂದದ್ದನ್ನು ತಡೆದಿಟ್ಟುಕೊಂಡು, ಎರಡನೆಯ ಗುಣಾಕಾರ ಮುಗಿದ ಮೇಲೆ ಕೂಡಿಸುತ್ತದೆ. ಹಿಮ್ಮುಖ ಪೋಲಿಷ್ ಕ್ರಮದ ಕ್ಯಾಲ್ಕುಲೇಟರ್ ಮೂರನೆಯ ದಾರಿ ಹಿಡಿಯುತ್ತದೆ. 18 ಒತ್ತಿ ಎಂಟರ್, 6400 ಒತ್ತಿ ಗುಣಾಕಾರ: ಆ ಕ್ಷಣವೇ 1,15,200. ಆಮೇಲೆ 7 ಎಂಟರ್ 7300 ಗುಣಾಕಾರ: 51,100. ಎರಡು ಸಾಲಿನ ಪರದೆಯಾದರೆ ಮೊದಲಿನ ಮೊತ್ತ ಮೇಲಿನ ಸಾಲಿನಲ್ಲಿ ಕಣ್ಣೆದುರೇ ಕೂತಿರುತ್ತದೆ. ಕೂಡಿಸು ಒತ್ತಿದರೆ 1,66,300. 1450 ಎಂದು ಕಳೆದರೆ 1,64,850. ಆವರಣ ಚಿಹ್ನೆ ಬೇಕಿಲ್ಲ, ಯಾವುದು ಮೊದಲು ಯಾವುದು ಆಮೇಲೆ ಎಂಬ ನಿಯಮ ನೆನಪಿಡಬೇಕಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ಯಂತ್ರಕ್ಕೆ ಸಮ ಚಿಹ್ನೆಯ ಕೀಲಿಯೇ ಇಲ್ಲ.

ಇದರ ಚರಿತ್ರೆ ಚಿಕ್ಕದು. ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ಲುಕಾಸಿಯೆವಿಚ್ 1920ರ ದಶಕದಲ್ಲಿ ಆವರಣವಿಲ್ಲದೆ ತರ್ಕವಾಕ್ಯ ಬರೆಯುವ ಬಗೆಯನ್ನು ಕಂಡುಹಿಡಿದ. ಅವನದರಲ್ಲಿ ಕ್ರಿಯೆ ಮೊದಲು, ಸಾಮಗ್ರಿ ಆಮೇಲೆ. 1950ರ ದಶಕದಲ್ಲಿ ಕಂಪ್ಯೂಟರ್ ಕಟ್ಟುವವರು ಅದನ್ನು ತಿರುಗಿಸಿ, ಸಾಮಗ್ರಿ ಮೊದಲು ಕ್ರಿಯೆ ಕೊನೆಗೆ ಎಂದು ಮಾಡಿದರು. ಹ್ಯೂಲೆಟ್ ಪ್ಯಾಕರ್ಡ್ ಕಂಪನಿ 1972ರಲ್ಲಿ ಎಚ್‌ಪಿ-35 ಎಂಬ ಜೇಬಿನ ಯಂತ್ರದಲ್ಲಿ ಇದನ್ನು ಜನರ ಕೈಗೆ ಕೊಟ್ಟಿತು. 1981ರ ಎಚ್‌ಪಿ-12ಸಿ ಬಡ್ಡಿ ಲೆಕ್ಕದವರ ಅಚ್ಚುಮೆಚ್ಚಾಯಿತು. ಈಗ ಥಾಮಸ್ ಓಕೆನ್ ಬರೆದ ಫ್ರೀ42 ಎಂಬ ಆ್ಯಪ್ ಹಾಕಿಕೊಂಡರೆ 1988ರ ಎಚ್‌ಪಿ-42ಎಸ್ ಯಂತ್ರವೇ ಮೊಬೈಲಿನಲ್ಲಿ, ಪುಕ್ಕಟೆ. ಕನ್ನಡದವರಿಗೆ ಈ ಕ್ರಮ ಹೊಸದೇನಲ್ಲ. ಮಗ್ಗಿ ಹೇಳುವ ಮಗು ಎರಡು ಸಂಖ್ಯೆಗಳನ್ನೂ ಹೇಳಿ ಮುಗಿಸಿ, ಗುಣಾಕಾರದ ಗುರುತನ್ನು ‘ಲೆ’ ಎಂದು ಬಾಲಕ್ಕೆ ಅಂಟಿಸಿ, ಉತ್ತರ ಒಪ್ಪಿಸುತ್ತದೆ.

ನನ್ನ ಆಸಕ್ತಿ ಇರುವುದು ಆ ಇಲ್ಲದ ಕೀಲಿಯಲ್ಲಿ. ಕರ್ಮಕ್ಕೂ ಫಲಕ್ಕೂ ನಡುವೆ ಏನಿದೆ ಎಂಬುದು ಈ ದೇಶದ ತತ್ತ್ವಚಿಂತನೆಯ ಹಳೆಯ ಜಗಳ. ಸ್ವರ್ಗ ಬೇಕಾದವನು ಯಜ್ಞ ಮಾಡಲಿ ಎಂದು ವೇದ ವಿಧಿಸುತ್ತದೆ. ಯಜ್ಞ ಸಂಜೆಗೆ ಮುಗಿಯಿತು, ಬೂದಿ ಆರಿತು. ಸ್ವರ್ಗ ಸಿಗುವುದು ಸತ್ತ ಮೇಲೆ. ಇಲ್ಲವಾಗಿ ಹೋದ ಕ್ರಿಯೆ ಎಷ್ಟೋ ವರ್ಷದ ಮೇಲೆ ಫಲ ಕೊಡುವುದು ಹೇಗೆ? ಮೀಮಾಂಸಕರು ಇದಕ್ಕೆ ಅಪೂರ್ವ ಎಂಬ ಕಾಣದ ಶಕ್ತಿಯನ್ನು ಒಪ್ಪಿದರು: ಕ್ರಿಯೆ ಅದನ್ನು ಹುಟ್ಟಿಸಿ ಅಳಿಯುತ್ತದೆ, ಅದು ಫಲದ ತನಕ ಉಳಿಯುತ್ತದೆ. ಸೈಂಟಿಫಿಕ್ ಕ್ಯಾಲ್ಕುಲೇಟರಿನೊಳಗೆ ತಡೆದು ನಿಂತ ಕೂಡಿಸುವಿಕೆ ಥೇಟ್ ಇಂಥದ್ದೇ. ಒತ್ತಿದ್ದು ನಿಜ, ಆದರೆ ಪರದೆಯ ಮೇಲೆ ಏನೂ ಆಗಿಲ್ಲ. ಸಮ ಚಿಹ್ನೆ ಬಂದಾಗ ಆಗುತ್ತದೆ. ಹಿಮ್ಮುಖ ಕ್ರಮದಲ್ಲಿ ಕಾಯುವುದೇ ಇಲ್ಲ ಎಂದಲ್ಲ. ಕಾಯುವುದು ಸಂಖ್ಯೆ, ಕ್ರಿಯೆಯಲ್ಲ. ಸಾಮಗ್ರಿ ಕಾಯುತ್ತದೆ, ಕ್ರಿಯೆ ಬಂದೊಡನೆ ನಡೆದು ಮುಗಿಯುತ್ತದೆ. ಬಂದ ಫಲವೂ ಮತ್ತೊಂದು ಸಂಖ್ಯೆಯಾಗಿ ಅದೇ ಸಾಲಿನಲ್ಲಿ ಕೂತು ಮುಂದಿನ ಕ್ರಿಯೆಗೆ ಸಾಮಗ್ರಿಯಾಗುತ್ತದೆ. 1,64,850 ಈ ಲೆಕ್ಕದ ಕೊನೆ ಎಂದು ಯಂತ್ರಕ್ಕೆ ತಿಳಿಯದು. ರೈತ ಅದರಲ್ಲಿ ಬೀಜದ ಸಾಲ ಕಳೆಯಬಹುದು, ಅಣ್ಣತಮ್ಮಂದಿರಿಗೆ ಮೂರು ಪಾಲು ಮಾಡಬಹುದು. ಉತ್ತರವೆಂಬುದು ನಮ್ಮ ಕೈ ನಿಂತ ಜಾಗ, ಅಷ್ಟೆ. ಫಲ ಕರ್ಮದ ಕೊನೆಯಲ್ಲ, ಮುಂದಿನ ಕರ್ಮದ ಸಾಮಗ್ರಿ ಎಂಬುದು ನನ್ನ ವಾದ. ಗದಗ ಸೀಮೆಯ ಧರ್ಮಗಳು ಬಹಳ ಹಿಂದೆಯೇ ಹಾಗೆ ನಡೆದುಕೊಂಡಿವೆ ಎಂಬುದು ಅದರ ಇನ್ನೊಂದು ಭಾಗ.

ಇದನ್ನು ಗೀತೆಯ ನಿಷ್ಕಾಮ ಕರ್ಮದ ಜೊತೆ ಕಲಸಬಾರದು. ಅಲ್ಲಿ ಫಲದ ಕಡೆಗೆ ನೋಡಬೇಡ ಎನ್ನುವುದೇ ಮುಖ್ಯ. ಶರಣರ ಕಾಯಕದಲ್ಲಿ ಫಲ ಬರಲೇಬೇಕು, ಅಳತೆಗೆ ಸರಿಯಾಗಿ ಬರಬೇಕು, ಬಂದದ್ದು ನಿಲ್ಲಬಾರದು. ಆಯ್ದಕ್ಕಿ ಮಾರಯ್ಯ ಅಂದಿನ ಪಾಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಕಳಿಸಿದ ಕತೆಯನ್ನು ತ್ಯಾಗದ ಕತೆಯಾಗಿ ಹೇಳುವುದು ರೂಢಿ. ನನಗೆ ಅದು ಲೆಕ್ಕದ ಕತೆಯಾಗಿ ಕಾಣುತ್ತದೆ. ಈ ಹೊತ್ತಿನ ಕಾಯಕದ ಫಲ ಈ ಹೊತ್ತಿನ ದಾಸೋಹಕ್ಕೆ ಸಾಮಗ್ರಿ. ಆ ಮುಂದಿನ ಕ್ರಿಯೆಗೆ ಬೇಕಿಲ್ಲದ ಫಲ ಸಾಲಿನಲ್ಲಿ ಕೂತರೆ ಲೆಕ್ಕ ಕೆಡುತ್ತದೆ. ಮುಂಡರಗಿಯ ಅನ್ನದಾನೀಶ್ವರ ಮಠದಲ್ಲಾಗಲಿ, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠದಲ್ಲಾಗಲಿ ಭಕ್ತನ ಹೊಲದ ಜೋಳ ಮಠದ ಒಲೆಗೆ ಹೋಗುವುದು ಇದೇ ದಾರಿಯಲ್ಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮ ಇದಕ್ಕೆ ಇನ್ನೂ ಚೊಕ್ಕ ಉದಾಹರಣೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು, ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಆಶ್ರಮದ ಹೊಟ್ಟೆ ತುಂಬಿಸಲು ನಾಟಕ ಕಂಪನಿ ನಡೆಸಿದರು. ಸಂಗೀತ ನಾಟಕಕ್ಕೆ ಸಾಮಗ್ರಿ, ನಾಟಕದ ಗಳಿಕೆ ಅನ್ನಕ್ಕೆ ಸಾಮಗ್ರಿ, ಅನ್ನ ಮತ್ತೆ ಸಂಗೀತಕ್ಕೆ. ಈ ಸರಣಿಯಲ್ಲಿ ಸಮ ಚಿಹ್ನೆಯನ್ನು ಎಲ್ಲಿ ಇಡುತ್ತೀರಿ? ಧರ್ಮದ ಮಾತು ಬೇಡ ಎನ್ನುವವರು ಗದಗ ತಾಲೂಕಿನ ಕಣಗಿನಹಾಳಕ್ಕೆ ಹೋಗಬಹುದು. ಅಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಸಹಕಾರ ಸಂಘದ ಬುಡವೂ ಇದೇ: ಒಬ್ಬ ತೀರಿಸಿದ ಸಾಲ ಇನ್ನೊಬ್ಬನ ಬಿತ್ತನೆಗೆ ಬಂಡವಾಳ.

ಮೊದಲ ಆಕ್ಷೇಪ ಸಹಜವಾದದ್ದು. ಯಂತ್ರಕ್ಕೆ ಆಸೆಯಿಲ್ಲ, ಅದಕ್ಕೆ ಸಮ ಚಿಹ್ನೆ ಇಲ್ಲದಿದ್ದರೆ ಮನುಷ್ಯನ ಬಗ್ಗೆ ಏನು ಸಿದ್ಧವಾಯಿತು? ಏನೂ ಸಿದ್ಧವಾಗಲಿಲ್ಲ, ಒಪ್ಪುತ್ತೇನೆ. 1972ರ ಎಂಜಿನಿಯರುಗಳು ಮೋಕ್ಷ ಚಿಂತಿಸುತ್ತ ಕೂತಿರಲಿಲ್ಲ. ಆವರಣಗಳ ರಗಳೆಯಿಲ್ಲದೆ ಸ್ವಲ್ಪವೇ ಜಾಗದಲ್ಲಿ ದೊಡ್ಡ ಲೆಕ್ಕ ಮುಗಿಸುವುದು ಅವರಿಗೆ ಬೇಕಿತ್ತು. ಈ ಕ್ರಮದಲ್ಲಿ ಗುಣಾಕಾರ ಮೇಲು, ಸಂಕಲನ ಕೀಳು ಎಂಬ ಶ್ರೇಣಿ ಇಲ್ಲ, ಆದ್ದರಿಂದ ಇದು ಸಮಾನತೆಯ ಗಣಿತ ಎಂದು ಯಾರಾದರೂ ಭಾಷಣ ಮಾಡಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಆದರೆ ಉದಾಹರಣೆಗೆ ಒಂದು ಕೆಲಸ ಉಂಟು: ‘ಹೀಗಲ್ಲದೆ ಆಗದು’ ಎನ್ನುವವನ ಬಾಯಿ ಮುಚ್ಚಿಸುವುದು. ಪ್ರಯೋಜನ ಕಾಣದೆ ಮಂದಬುದ್ಧಿಯವನೂ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದು ಮೀಮಾಂಸಕ ಕುಮಾರಿಲ ಭಟ್ಟ ವಾದಿಸುತ್ತಾನೆ. ಇಂಥ ವಾದದ ಬಲದ ಮೇಲೆ, ಫಲ ಹೇಳದ ವಿಧಿಗೂ ಒಂದು ಕೊನೆಯ ಫಲವನ್ನು ಹೊಂದಿಸುವ ಪ್ರಯತ್ನ ನಡೆಯಿತು. ಪ್ರಯೋಜನ ಬೇಕು ಎಂಬುದು ಸರಿ. ಆ ಪ್ರಯೋಜನ ಕ್ರಿಯೆಗಳ ಸಾಲಿನಾಚೆ, ಬೇರೊಂದು ಕೀಲಿಯ ಹಿಂದೆ ಇರಬೇಕು ಎಂಬುದು ಮಾತ್ರ ಅದರಿಂದ ಹುಟ್ಟುವುದಿಲ್ಲ. ಹೆಜ್ಜೆಹೆಜ್ಜೆಗೂ ಫಲ ಕಂಡು, ಅದರಿಂದಲೇ ಮುಂದಿನ ಹೆಜ್ಜೆ ಇಡುವ ಕ್ರಮವೂ ಸುಸಂಬದ್ಧವಾಗಿ ನಡೆಯಬಲ್ಲದು, ಒಂದು ರೂಪಾಯಿಯೂ ತಪ್ಪದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಬದುಕಿನಲ್ಲಿ ಫಲ ಆ ಕ್ಷಣವೇ ಬರುವುದಿಲ್ಲವಲ್ಲ? ಮುಂಡರಗಿಯ ಎರೆಹೊಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತಿದವನು ತಿಂಗಳುಗಟ್ಟಲೆ ಕಾಯುತ್ತಾನೆ. ಬೆಟಗೇರಿಯ ನೇಕಾರ ಹಾಸು ಹೂಡಿದ ದಿನ ಸೀರೆ ಮಾರುವುದಿಲ್ಲ. ತಪ್ಪು ಮಾಡಿದವನಿಗೆ ಶಿಕ್ಷೆ ಹತ್ತು ವರ್ಷಕ್ಕೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಅದಕ್ಕೇ ತಾನೆ ಅಪೂರ್ವವೋ ಜನ್ಮಾಂತರವೋ ಬೇಕಾದದ್ದು? ಇದಕ್ಕೆ ಉತ್ತರ ಹುಡುಕಲು ಲಕ್ಷ್ಮೇಶ್ವರದ ಶಂಖ ಬಸದಿಯ ಕಡೆ ಹೊರಳಬೇಕು. ಪುಲಿಗೆರೆ ಎಂದು ಹೆಸರಾಗಿದ್ದ ಆ ಊರು ಶತಮಾನಗಟ್ಟಲೆ ಜೈನರ ದೊಡ್ಡ ನೆಲೆ. ಜೈನರ ಪ್ರಕಾರ ಕರ್ಮ ಒಂದು ಸೂಕ್ಷ್ಮ ದ್ರವ್ಯ. ಮನಸ್ಸು, ಮಾತು, ಮೈ ಕದಲಿದ ಕ್ಷಣವೇ ಅದು ಆತ್ಮಕ್ಕೆ ಅಂಟುತ್ತದೆ. ಯಾವ ಬಗೆಯದು, ಎಷ್ಟು ಕಾಲ ಇರುತ್ತದೆ, ಎಷ್ಟು ತೀವ್ರ ಎಂಬುದೂ ಆಗಲೇ ನಿರ್ಧಾರವಾಗಿಬಿಡುತ್ತದೆ. ಅದು ಉದಯಕ್ಕೆ ಬಂದು ಅನುಭವಕ್ಕೆ ಸಿಗುವುದು ಆಮೇಲೆ. ಅಂದರೆ ಎರಡು ಬೇರೆ ಸಂಗತಿಗಳನ್ನು ಅವರು ಬಿಡಿಸಿಟ್ಟರು: ಕ್ರಿಯೆಯಿಂದ ಆಗುವ ಬದಲಾವಣೆ ಈಗಲೇ, ಅದನ್ನು ಉಣ್ಣುವುದು ಮುಂದೆ. ಕಡಲೆ ಬಿತ್ತಿದ ಕೂಡಲೇ ಬೆಳೆ ಬರುವುದಿಲ್ಲ, ನಿಜ. ಹೊಲ ಬಿತ್ತಿದ ಹೊಲವಾಗುವುದು ಕೂಡಲೇ. ನಾಳೆಯ ಕೆಲಸ, ಎಡೆ ಹೊಡೆಯುವುದಿರಲಿ ಹಕ್ಕಿ ಕಾಯುವುದಿರಲಿ, ಬಿತ್ತಿದ ಹೊಲದ ಮೇಲೆ ನಡೆಯಬೇಕು. ಸುಳ್ಳು ಹೇಳಿದವನಿಗೆ ಶಿಕ್ಷೆ ಯಾವಾಗಲೋ, ಆದರೆ ಮುಂದಿನ ಮಾತನ್ನು ಅವನು ಆಡಬೇಕಾದದ್ದು ಆ ಸುಳ್ಳನ್ನು ಹೊತ್ತುಕೊಂಡೇ. ಸಮ ಚಿಹ್ನೆಗೆ ಕಾಯುವ ಕರ್ಮಸಿದ್ಧಾಂತಕ್ಕಿಂತ ಇದು ಕಠಿಣ. ಅಲ್ಲಿ ಕೀಲಿ ಒತ್ತುವ ತನಕ ಬಿಡುವುಂಟು, ಇಲ್ಲಿ ಇಲ್ಲ.

ಇಲ್ಲಿ ಒಂದು ಸ್ವಾರಸ್ಯ ನೆನಪಾಗುತ್ತದೆ. ಪುಲಿಗೆರೆ ಮುನ್ನೂರು ಎಂಬ ಈ ನಾಡನ್ನೂ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ಗಣಿತಸಾರಸಂಗ್ರಹ ಬರೆದ. ಜಿನನಿಗೆ ನಮಸ್ಕರಿಸಿ, ರಾಜನನ್ನು ಹೊಗಳಿ, ಅಡುಗೆಯಿಂದ ಸಂಗೀತದವರೆಗೆ ಗಣಿತ ಬೇಡದ ವಿದ್ಯೆಯೇ ಇಲ್ಲ ಎಂದು ಹೇಳಿ ಅವನು ಲೆಕ್ಕಕ್ಕೆ ಇಳಿಯುತ್ತಾನೆ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುತ್ತದೆ ಎಂದು ಅವನು ಹೇಳಿದ್ದನ್ನು ಗಣಿತದ ಇತಿಹಾಸಕಾರರು ತಪ್ಪು ಎನ್ನುತ್ತಾರೆ, ತಪ್ಪೇ. ಆದರೆ ಫ್ರೀ42ರಲ್ಲಿ 1450ನ್ನು ಸೊನ್ನೆಯಿಂದ ಭಾಗಿಸಿ ನೋಡಿ. ಆಗದು ಎಂಬ ಸೂಚನೆ ಬರುತ್ತದೆ. ಅದನ್ನು ಅಳಿಸಿದರೆ 1450 ಎಲ್ಲಿತ್ತೋ ಅಲ್ಲೇ, ಸೊನ್ನೆಯೂ ಅದರ ಕೆಳಗೆ. ನಡೆಯದ ಕ್ರಿಯೆ ಸಾಮಗ್ರಿಯನ್ನು ಮುಟ್ಟುವುದಿಲ್ಲ. ಆಚಾರ್ಯನ ಸೂತ್ರಕ್ಕೆ ಇದು ಸಮರ್ಥನೆ ಏನಲ್ಲ.

ಮೂರನೆಯ ಆಕ್ಷೇಪಕ್ಕೆ ನನ್ನ ಹತ್ತಿರ ಅರ್ಧ ಉತ್ತರ ಮಾತ್ರ ಇದೆ. 1,64,850 ಎಂಬ ಅಂಕಿಯನ್ನು ನೋಡಿದರೆ ಅದರಲ್ಲಿ ಶೇಂಗಾ ಎಷ್ಟು, ಹೆಸರು ಎಷ್ಟು, ಯಾರು ಎಷ್ಟು ಮುರಿದರು ಎಂಬ ಸುಳಿವು ಇಲ್ಲ. ಆವರಣ ಹಾಕಿ ಸಮ ಚಿಹ್ನೆ ತನಕ ಬರೆದ ಲೆಕ್ಕದಲ್ಲಿ ಇಡೀ ಉದ್ದೇಶ ಕಣ್ಣಿಗೆ ಕಾಣುತ್ತದೆ. ತಪ್ಪಿದ್ದರೆ ಇನ್ನೊಬ್ಬ ಹಿಡಿಯಬಹುದು. ಹಿಮ್ಮುಖ ಕ್ರಮ ಸಾಮಗ್ರಿಯನ್ನು ನುಂಗಿ ಫಲವನ್ನಷ್ಟೇ ಉಳಿಸುತ್ತದೆ. ಸಾಲದ್ದಕ್ಕೆ ಹಳೆಯ ಯಂತ್ರದ ಸ್ಟ್ಯಾಕಿನಲ್ಲಿ, ಅಂದರೆ ಸಂಖ್ಯೆಗಳು ಒಂದರ ಮೇಲೊಂದು ಕಾಯುವ ಜಾಗದಲ್ಲಿ, ಇರುವುದು ನಾಲ್ಕೇ ಮನೆ. ಐದನೆಯದು ಬಂದರೆ ಎಲ್ಲಕ್ಕಿಂತ ಮೊದಲು ಬಂದದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಫಲ ಸಾಮಗ್ರಿಯಾಯಿತು ಎಂದು ಸಂತೋಷಪಡುವವನು, ಈ ಸಾಮಗ್ರಿ ಯಾರ ಹೊಲದ್ದು, ಯಾರ ಬೆವರಿನದು ಎಂದು ಕೇಳಿದರೆ ಏನು ಹೇಳುತ್ತಾನೆ? ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆಯ ಔದಾರ್ಯವನ್ನು ಹೊಗಳುವಾಗಲೂ ಆ ಸಂಪತ್ತು ದುಡಿದವರ ಹೆಸರು ನಮಗೆ ಸಿಗುವುದಿಲ್ಲ.

ಇದಕ್ಕೆ ವ್ಯಾಪಾರದವರ ಪರಿಹಾರ ಹಳೆಯದು: ಲೆಕ್ಕ ಮಾಡುವುದು ಬೇರೆ, ಕಿರ್ದಿ ಖಾತೆ ಬರೆಯುವುದು ಬೇರೆ. ಜೈನರಲ್ಲಿಯೂ ಹಾಗೆಯೇ. ಕರ್ಮ ಅಂಟುವ ಪ್ರಕ್ರಿಯೆ ತನ್ನಷ್ಟಕ್ಕೆ ನಡೆದಿರುತ್ತದೆ. ಅದನ್ನು ನಂಬಿ ಕೂಡದೆ, ಮಾಡಿದ್ದನ್ನು ಒಂದೊಂದಾಗಿ ಹಿಂತಿರುಗಿ ನೋಡಿ ತಪ್ಪು ಒಪ್ಪಿಕೊಳ್ಳುವ ಪ್ರತಿಕ್ರಮಣವನ್ನು ಬೇರೆಯೇ ಕರ್ತವ್ಯವಾಗಿ ವಿಧಿಸಿದರು. ಫ್ರೀ42ರಲ್ಲೂ ಪ್ರಿಂಟರಿನ ಕಾಗದ ಸುರುಳಿಯ ಅನುಕರಣೆ ಇದೆ. ಟ್ರೇಸ್ ಎಂಬ ಬಗೆಗೆ ಹೊಂದಿಸಿದರೆ ಪ್ರತಿ ಹೆಜ್ಜೆಯೂ ಅದರಲ್ಲಿ ದಾಖಲಾಗುತ್ತದೆ, ಸ್ಟ್ಯಾಕ್ ಮಾತ್ರ ತನ್ನ ಪಾಡಿಗೆ ಮರೆಯುತ್ತ ಹೋಗುತ್ತದೆ. ಫಲವೇ ಸಾಮಗ್ರಿ ಎಂಬ ನನ್ನ ಮಾತು ನಿಲ್ಲಬೇಕಾದರೆ ಪಕ್ಕದಲ್ಲಿ ಇಂಥದೊಂದು ಬರಹ ಬೇಕೇ ಬೇಕು ಎಂಬಷ್ಟನ್ನು ಒಪ್ಪುತ್ತೇನೆ. ಉಳಿದ ಅರ್ಧ ಪ್ರಶ್ನೆ, ಆ ಬರಹವನ್ನು ಓದುವವರು ಯಾರು ಎಂಬುದು. ಶ್ರಾವಕ, ಅಂದರೆ ಜೈನ ಗೃಹಸ್ಥ, ತನ್ನ ಪ್ರತಿಕ್ರಮಣವನ್ನು ತಾನೇ ಮಾಡಿಕೊಳ್ಳುತ್ತಾನೆ, ಹೆಚ್ಚೆಂದರೆ ಗುರುವಿನ ಮುಂದೆ. ಸಹಕಾರ ಸಂಘಗಳ ಕಾನೂನು ಅಷ್ಟಕ್ಕೆ ಒಪ್ಪುವುದಿಲ್ಲ. ವರ್ಷಕ್ಕೊಮ್ಮೆ ಹೊರಗಿನ ಲೆಕ್ಕ ಪರಿಶೋಧಕ ಬಂದು ಪುಸ್ತಕ ಬಿಚ್ಚಿಸಲೇಬೇಕು ಎನ್ನುತ್ತದೆ. ಮಠಗಳ ದಾಸೋಹಕ್ಕೆ, ನಮ್ಮ ನಮ್ಮ ಕಾಯಕಕ್ಕೆ ಈ ಎರಡರಲ್ಲಿ ಯಾವುದು ಸಾಕು ಎಂದು ಹಿಮ್ಮುಖ ಲೆಕ್ಕದಿಂದ ತೀರ್ಮಾನ ಮಾಡಲು ಬರುವುದಿಲ್ಲ. ನನ್ನ ಒಲವು ಕಣಗಿನಹಾಳದ ಕಡೆಗೆ.